ಹಗ್ಗ ಹಿಡಿದವನ ಮಾತು

ನಮ್ಮ ಮನೆಯಲ್ಲಿ ಮಕ್ಕಳು ಹಟ ಹಿಡಿದರೆ ಬೈಯುವ ಮಾತೊಂದಿದೆ. "ಥೇಟ್ ನಿಮ್ಮ ಸ್ವಾದರಮಾವನಂಗ ಆಡ್ತಿ ನೋಡು." ನನ್ನ ಹೆಂಡತಿ ನಮ್ಮ ಮಗಳಿಗೆ ಹಾಗೆ ಬೈಯುತ್ತಿದ್ದಳು. ಮಗಳು ದೊಡ್ಡವಳಾಗಿ ತನ್ನ ಮಕ್ಕಳಿಗೂ ಹಾಗೇ ಬೈಯುತ್ತಾಳೆ. ಆ ಸೋದರಮಾವ ಎಂದರೆ ನನ್ನ ಹೆಂಡತಿಯ ಒಬ್ಬನೇ ತಮ್ಮ, ನನ್ನ ಭಾಮೈದ. ಬೈಯುವವರಾಗಲಿ ಬೈಸಿಕೊಳ್ಳುವವರಾಗಲಿ ಈಗ ಮನೆಯಲ್ಲಿ ಅವನನ್ನು ಕಂಡವರಿಲ್ಲ, ನನ್ನೊಬ್ಬನನ್ನು ಬಿಟ್ಟು. ಅವನು ಹಟಮಾರಿಯಾಗಿರಲಿಲ್ಲ ಎನ್ನುವುದು ಮೊನ್ನೆಯವರೆಗೆ ಮನೆಯಲ್ಲಿ ಗೊತ್ತಿದ್ದವನೂ ನಾನೊಬ್ಬನೇ.

ನಾನು ಮದುವೆಯಾಗಿ ಪಾಪಿನಾಯಕನಹಳ್ಳಿಯ ಮಾವನ ಮನೆಗೇ ಬಂದು ಇದ್ದವನು. ಮಾವ ಹಗೇವು ತೆಗೆಯುವವರ ಗುಂಪಿಗೆ ಹಿರಿಯ. ಹಗೇವು ಎಂದರೆ ಈಗಿನವರಿಗೆ ಬಿಡಿಸಿ ಹೇಳಬೇಕು. ಜೋಳವನ್ನು ಮನೆಯೊಳಗಲ್ಲ, ನೆಲದೊಳಗೆ ಇಡುತ್ತಿದ್ದ ಕಾಲ ಅದು. ದೊಡ್ಡ ಮನೆತನದವರ ಅಂಗಳದಲ್ಲಿ ಎರಡಾಳು ಆಳದ ಗುಂಡಿ ಇರುತ್ತಿತ್ತು. ಒಳಗೆ ಅಗಲ, ಬಾಯಿ ಮಾತ್ರ ಒಬ್ಬ ಮನುಷ್ಯ ತೋಳು ಮುದುಡಿಕೊಂಡು ಇಳಿಯುವಷ್ಟು. ಸುತ್ತ ಒಣಹುಲ್ಲು ಹಾಸಿ, ಜೋಳ ತುಂಬಿ, ಬಾಯಿಗೆ ಬಂಡೆ ಮುಚ್ಚಿ, ಮೇಲೆ ಮಣ್ಣು ಮೆತ್ತಿಬಿಟ್ಟರೆ ವರ್ಷಗಟ್ಟಲೆ ಹುಳ ಮುಟ್ಟುತ್ತಿರಲಿಲ್ಲ. ಬೇಕಾದಾಗ ತೆಗೆಯಲು ನಮ್ಮಂಥವರಿಗೆ ಹೇಳಿ ಕಳಿಸುತ್ತಿದ್ದರು.

ತೆಗೆಯುವುದರಲ್ಲೇ ಇತ್ತು ಕಷ್ಟ. ಮುಚ್ಚಿದ ಗುಂಡಿಯೊಳಗೆ ಗಾಳಿ ಕೆಟ್ಟಿರುತ್ತದೆ, ಇಳಿದವನು ಉಸಿರು ಕಟ್ಟಿ ಕೂತಲ್ಲೇ ಹೋಗಿಬಿಡುತ್ತಾನೆ. ಅದಕ್ಕೇ ಬಂಡೆ ಸರಿಸಿದ ಮೇಲೆ ಅರ್ಧ ದಿನ ಹಾಗೇ ಬಿಟ್ಟು, ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಒಳಗೆ ಬಿಡುತ್ತಿದ್ದೆವು. ತಳದವರೆಗೂ ಉರಿದರೆ ಒಬ್ಬ ಇಳಿಯುವುದು, ಆರಿದರೆ ಅವತ್ತಿನ ಕೆಲಸ ಬಂದ್. ಯಾಕೆ ಆರುತ್ತದೆ ಎಂದು ಮಾವ ಯಾರಿಗೂ ವಿವರಿಸಿದವನಲ್ಲ. "ದೀಪ ಇದ್ರ ಇಳಿ, ದೀಪ ಹೋದ್ರ ನಿಲ್ಲು" ಅಷ್ಟೇ ಅವನ ಪಾಠ.

ಇನ್ನೊಂದು ಕಟ್ಟಳೆ ಇತ್ತು, ಅದು ದೀಪಕ್ಕಿಂತ ದೊಡ್ಡದು. ಇಳಿಯುವವನ ಸೊಂಟದ ಹಗ್ಗ ಮೇಲೆ ಯಾರ ಕೈಯಲ್ಲಿದೆಯೋ ಅವನು "ಬ್ಯಾಡ" ಎಂದರೆ ಕೆಲಸ ನಿಲ್ಲಬೇಕು. ಹೊಲದ ಗೌಡ ಹೇಳಲಿ, ಗುಂಪಿನ ಹಿರಿಯನೇ ಹೇಳಲಿ, ಅವನ ಮಾತಿನ ಮುಂದೆ ನಡೆಯುವುದಿಲ್ಲ. ಯಾಕೆ ಬ್ಯಾಡ ಎಂದು ಅವನನ್ನು ಕೇಳುವ ಹಾಗೂ ಇಲ್ಲ. ಕಾರಣ ಕೇಳತೊಡಗಿದರೆ ಹೇಳುವವನು ಹಿಂಜರಿಯುತ್ತಾನೆ ಎಂದು ಹಿಂದಿನವರು ತಿಳಿದಿದ್ದರೋ ಏನೋ. ಹಗ್ಗ ಯಾವಾಗಲೂ ಅಳಿಯನ ಕೈಗೆ. ಮದುವೆಯಾದ ವರ್ಷ ಮಾವ ನನ್ನ ಕೈಗೆ ಹಗ್ಗ ಕೊಟ್ಟು ಗುಂಪಿನವರ ಎದುರಿಗೇ ಹೇಳಿದ, "ಮಗ ಇಳೀತಾನ, ಅಳಿಯ ಹಿಡೀತಾನ. ಸಂಜಿಗೆ ಮನಿಗೆ ಹೋಗಿ ನನ್ನ ಮಗಳ ಮಾರಿ ನೋಡಬೇಕಲ್ಲ ಇವ, ಅದಕ್ಕ ಗಟ್ಟಿ ಹಿಡೀತಾನ." ಎಲ್ಲರೂ ನಕ್ಕರು, ನನಗೂ ಅದು ತಮಾಷೆಯೆಂದೇ ತೋರಿತು.

ಭಾಮೈದ ತೆಳ್ಳನೆಯ ಆಳು, ಹಗೇವಿನ ಬಾಯಿಗೆ ಹೇಳಿ ಮಾಡಿಸಿದ ಮೈ. ಬಾಯಿ ಬೊಂಬಾಯಿ. ಒಳಗೆ ಇಳಿದರೂ ಸುಮ್ಮನಿರುತ್ತಿರಲಿಲ್ಲ, ಬುಟ್ಟಿ ತುಂಬುತ್ತ ಕೆಳಗಿನಿಂದಲೇ ನನ್ನನ್ನು ಕಾಡುತ್ತಿದ್ದ. "ಬಾವಾ, ಎದ್ದಿಯೋ ಮಲಗಿಯೋ? ನಮ್ಮಕ್ಕ ರಾತ್ರಿ ನಿದ್ದಿ ಮಾಡಗೊಡ್ಲಿಲ್ಲೇನು?" ಎನ್ನುವನು. ಮೇಲೆ ಬುಟ್ಟಿ ಎಳೆಯುವ ಇನ್ನಿಬ್ಬರು ಮುಸಿಮುಸಿ ನಗುವರು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಆದರೆ ಅವನ ದನಿ ಬರುತ್ತಿರುವಷ್ಟು ಹೊತ್ತು ಒಳಗೆ ಎಲ್ಲ ಸರಿಯಿದೆ ಎಂದು ಧೈರ್ಯವಾಗುತ್ತಿತ್ತು.

ಅಷ್ಟರಲ್ಲಿ ಡ್ಯಾಮಿನ ಕಾಲುವೆ ನೀರು ಬಂದು ಕೆಲವು ವರ್ಷಗಳಾಗಿದ್ದವು. ಕಂಪ್ಲಿಯ ಕಡೆ ಜೋಳದ ಹೊಲಗಳೆಲ್ಲ ಭತ್ತದ ಗದ್ದೆಗಳಾದವು, ಕಬ್ಬು ಎದ್ದು ನಿಂತಿತು. ಅನ್ನ ತಿನ್ನುವವರಿಗೆ ಹಗೇವು ಯಾಕೆ ಬೇಕು? ನಮ್ಮ ಕೆಲಸ ಮರಿಯಮ್ಮನಹಳ್ಳಿ ಕಡೆಯ ಒಣ ಹೊಲಗಳ ಊರುಗಳಿಗೆ ಸರಿಯಿತು. ವರ್ಷಕ್ಕೆ ಹತ್ತಾರು ಹಗೇವು ತೆಗೆಯುತ್ತಿದ್ದವರಿಗೆ ಎರಡು ಮೂರು ಸಿಕ್ಕರೆ ಪುಣ್ಯ. ಮಾವನಿಗೂ ಕಣ್ಣು ಮಂಜಾಗಿ ಅವನು ಬರುವುದು ನಿಂತಿತು.

ಒಂದು ಬೇಸಿಗೆ ಮರಿಯಮ್ಮನಹಳ್ಳಿಯ ಆಚೆಗಿನ ಒಂದು ಊರಿಗೆ ಹೋದೆವು. ಕಂದೀಲು ಬಿಟ್ಟೆ. ಅರ್ಧಕ್ಕೆ ಹೋಗುವುದರೊಳಗೆ ಆರಿತು. "ಬ್ಯಾಡ" ಎಂದೆ. ಸೊಂಟಕ್ಕೆ ಹಗ್ಗ ಬಿಗಿದುಕೊಂಡು ನಿಂತಿದ್ದ ಭಾಮೈದ ಒಂದು ಮಾತಾಡದೆ ಬಿಚ್ಚಿ ಕೆಳಗಿಟ್ಟ. ಮನೆಯವರು ಗೊಣಗಿದರು, ನಾವು ಲಾರಿ ಹತ್ತಿ ಬರಿಗೈಯಲ್ಲಿ ಊರಿಗೆ ಬಂದೆವು. ಮನೆಯಲ್ಲಿ ಕಂದೀಲು ಅಲುಗಾಡಿಸಿ ನೋಡಿದರೆ ಒಳಗೆ ಒಂದು ಹನಿ ಸೀಮೆಎಣ್ಣೆ ಇಲ್ಲ. ತುಂಬಿಸಬೇಕಾಗಿದ್ದವನು ನಾನೇ.

ಅವತ್ತಿನಿಂದ ಭಾಮೈದನಿಗೆ ಹಬ್ಬ. ಊಟಕ್ಕೆ ಕೂತರೆ, "ಅಕ್ಕಾ, ಬಾವಗ ಎಣ್ಣಿ ಹಚ್ಚಿ ರೊಟ್ಟಿ ಕೊಡು, ಇಲ್ಲಾಂದ್ರ ಆರಿಬಿಡ್ತಾನ." ಕಟ್ಟೆಯ ಮೇಲೆ ನಾಲ್ಕು ಜನ ಕೂತಿದ್ದರೆ, "ಎಣ್ಣಿ ಇಲ್ಲದ ಕಂದೀಲಿಗೆ ಅಂಜಿದ ಶೂರ ಬಂದ, ಜಾಗ ಬಿಡ್ರಿ." ಮಾವ ಒಂದೆರಡು ಸಲ ಗದರಿದ, "ಹಗ್ಗದವಗ ನಗಬಾರದಲೇ." ಆದರೂ ಅವನ ಮೀಸೆಯ ಅಡಿಯಲ್ಲೂ ನಗು ಇತ್ತು. ನನ್ನ ಹೆಂಡತಿಯಂತೂ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ಈಗ ಯೋಚಿಸಿದರೆ ಅದು ಎಂಥ ಸಣ್ಣ ಸಂಗತಿ. ಒಂದು ದಿನದ ಕೆಲಸ ಹೋಯಿತು, ಎಲ್ಲರೂ ಜೀವಂತ ಮನೆಗೆ ಬಂದು ನಕ್ಕರು. ಆಗ ಮಾತ್ರ ನನಗೆ ಒಳಗೊಳಗೇ ಉರಿಯಿತು. ಇನ್ನೊಮ್ಮೆ ಬಾಯಿ ಬಿಡುವಾಗ ನೂರು ಸಲ ಯೋಚಿಸಬೇಕು ಎಂದುಕೊಂಡೆ.

ಮುಂದಿನ ಚಳಿಗಾಲದಲ್ಲಿ ಎಮ್ಮಿಗನೂರು ಕಡೆಯ ಹಳ್ಳಿಯೊಂದರಿಂದ ಹೇಳಿಕೆ ಬಂತು. ಕಾಲುವೆಯ ಬಸಿನೀರು ಆ ಊರಿನ ನೆಲದೊಳಗೆಲ್ಲ ಹರಡಿತ್ತು. ಅಲ್ಲಿನ ಗೌಡರ ಮನೆಯ ಹಗೇವಿನಲ್ಲಿ ಬಹಳ ವರ್ಷದ ಜೋಳ ಹಾಗೇ ಉಳಿದಿತ್ತು, ಈಗ ತೇವ ಹತ್ತಿ ಕೆಡುತ್ತಿದೆ, ತೆಗೆದು ಗುಂಡಿ ಮುಚ್ಚಿಬಿಡಬೇಕು ಎಂದು. ನಾನು, ಭಾಮೈದ, ಬುಟ್ಟಿ ಎಳೆಯುವ ಆ ಇಬ್ಬರು, ನಾಲ್ಕು ಜನ ಸೈಕಲ್ಲಿನ ಮೇಲೆ ಹೋದೆವು. ಈ ಸಲ ಕಂದೀಲಿಗೆ ಕಂಠಮಟ್ಟ ಎಣ್ಣೆ ತುಂಬಿ, ಬತ್ತಿ ಕತ್ತರಿಸಿ, ಗಾಜು ಒರೆಸಿ ನನ್ನ ಸೈಕಲ್ಲಿನ ಹ್ಯಾಂಡಲಿಗೆ ತೂಗುಹಾಕಿಕೊಂಡಿದ್ದೆ. ದಾರಿಯುದ್ದಕ್ಕೂ ಅದರ ಕಿರಿಕಿರಿ ಸದ್ದು ಕೇಳಿ ಅವನು ನಗುತ್ತಲೇ ಬಂದ.

ಗೌಡರು ಒಳ್ಳೆಯವರು, ಅವರ ಮೇಲೆ ತಪ್ಪು ಹೊರಿಸಲು ನನಗೆ ಮನಸ್ಸಿಲ್ಲ. ಬಂಡೆ ಸರಿಸಿ, ಅವರ ಜಗಲಿಯ ಮೇಲೆ ಚಹಾ ಕುಡಿದು ಕೂತೆವು. ಅರ್ಧ ದಿನ ಬಿಡಬೇಕಾದಲ್ಲಿ ಎರಡು ಗಂಟೆ ಬಿಟ್ಟೆವು. ನಾನು ಕಂದೀಲು ತರಲು ಎದ್ದಾಗ ಗೌಡರು ಒಳಗಿನಿಂದ ಬ್ಯಾಟರಿ ತಂದರು. ಮೂರು ಶೆಲ್ಲಿನದು, ಹೊಸಪೇಟೆಯ ಬಜಾರಿನಲ್ಲಿ ಹೊಸದಾಗಿ ಕೊಂಡದ್ದು, ಅವರಿಗೆ ಅದನ್ನು ತೋರಿಸುವ ಉಮೇದು. "ಆ ಮಿಣಿಮಿಣಿ ದೀಪ ಯಾಕ್ರಪಾ? ಇದನ್ನ ಬಿಡ್ರಿ, ಕಾಳು ಕಾಳು ಕಾಣತೈತಿ" ಎಂದರು.

ಭಾಮೈದ ಅದನ್ನು ಇಸಿದುಕೊಂಡು ಗುಂಡಿಯೊಳಗೆ ಬೆಳಕು ಬಿಟ್ಟ. ನಿಜವಾಗಿಯೂ ತಳದಲ್ಲಿ ಉಳಿದಿದ್ದ ಜೋಳ ಕಂಡಿತು. ಅಲ್ಲಿಯವರೆಗೆ ನಾವು ಯಾರೂ ಹಗೇವಿನ ಒಳಗನ್ನು ಅಷ್ಟು ಚೆನ್ನಾಗಿ ಕಂಡಿರಲಿಲ್ಲ. ಅವನು ಬ್ಯಾಟರಿಗೆ ಹಗ್ಗ ಕಟ್ಟಿ ಕಂದೀಲಿನಂತೆಯೇ ಸಾವಕಾಶ ತಳದವರೆಗೆ ಬಿಟ್ಟು, ಮೇಲೆ ಎಳೆದುಕೊಂಡ. ಅದು ಆರಲಿಲ್ಲ. ಆರುವುದಾದರೂ ಹೇಗೆ? "ನೋಡಿದ್ಯಾ ಬಾವಾ? ಇದಕ್ಕ ಎಣ್ಣಿ ಬೇಕಾಗಿಲ್ಲ" ಎಂದು ಕಣ್ಣು ಮಿಟುಕಿಸಿದ. ಎಲ್ಲರೂ ನಕ್ಕರು, ಗೌಡರೂ.

ನನಗೆ ಗೊತ್ತಿರಲಿಲ್ಲ ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ದೀಪ ಎಂದರೆ ದೀಪ, ಬೆಂಕಿಯದಾದರೇನು ಶೆಲ್ಲಿನದಾದರೇನು ಎಂದು ಉಳಿದ ಮೂವರು ನಂಬಿದ್ದರು, ಅವರ ಮಟ್ಟಿಗೆ ಅದು ನಿಜ. ನನ್ನ ಮಟ್ಟಿಗೆ ಅದು ಅರ್ಧ ನಿಜ. ಹಗ್ಗ ಸುತ್ತಿಕೊಂಡು ಬಾಯಿಯ ಹತ್ತಿರ ಬಗ್ಗಿದಾಗ ನನ್ನ ಮೂಗಿಗೆ ಹುಳಿ ವಾಸನೆ ಬಡಿದಿತ್ತು. ಒಣ ಹಗೇವಿನ ಜೋಳಕ್ಕೂ ಒಂದು ವಾಸನೆ ಇರುತ್ತದೆ, ಇದು ಅದಲ್ಲ. ನೆನೆದ ಕಾಳು ಹುದುಗೆದ್ದ ವಾಸನೆ. ಕಂದೀಲು ಹತ್ತು ಹೆಜ್ಜೆ ಆಚೆ ಸೈಕಲ್ಲಿಗೆ ತೂಗುತ್ತಿತ್ತು. ಹೋಗಿ ತರಬೇಕು, ಹಚ್ಚಬೇಕು, ಗೌಡರ ಮುಂದೆ ಎಲ್ಲರೂ ಮತ್ತೆ ನಗುತ್ತಾರೆ, ಮನೆಯಲ್ಲಿ ಆರು ತಿಂಗಳು ಅದೇ ಮಾತು. ಇಷ್ಟನ್ನೂ ಯೋಚಿಸಿದೆ. ಒಂದು ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು, ನಾನು ಅದನ್ನು ನುಂಗಿದೆ.

"ಇಳೀಲೇನ್ ಬಾವಾ?" ಎಂದು ಅವನು ಕೇಳಿದ. ಇಳಿಯುವವನು ಹಾಗೆ ಕೇಳಲೇಬೇಕು, ಅದೂ ಕಟ್ಟಳೆಯೇ.

"ಹ್ಞೂಂ" ಎಂದೆ.

ಬ್ಯಾಟರಿ ಹಿಡಿದುಕೊಂಡು ಇಳಿದ. ಜೋಳದ ಮೇಲೆ ಕಾಲು ಊರಿ ಎಂದಿನಂತೆ ಸೊಂಟದ ಹಗ್ಗ ಬಿಚ್ಚಿದ, ಅದು ಕಟ್ಟಿಕೊಂಡಿದ್ದರೆ ಒಳಗೆ ಬಗ್ಗಿ ಬುಟ್ಟಿ ತುಂಬಲು ಆಗುವುದಿಲ್ಲ. "ಬಾವಾ, ಇಲ್ಲಿ ಒಂಥರಾ..." ಎಂದ. ಅಷ್ಟೇ. ನಾನು ಕೂಗಿದೆ. ಇನ್ನೊಮ್ಮೆ ಕೂಗಿದೆ. ಒಳಗಿನಿಂದ ತಮಾಷೆ ಬರಲಿಲ್ಲ. ನಾನು ಇಳಿಯಲು ಕಾಲು ಹಾಕಿದೆ, ಉಳಿದಿಬ್ಬರು ನನ್ನ ಎರಡೂ ರಟ್ಟೆ ಹಿಡಿದು ಹಿಂದಕ್ಕೆ ಕೆಡವಿದರು. ಆಗ ಓಡಿಹೋಗಿ ಕಂದೀಲು ತಂದು ಹಚ್ಚಿ ಬಿಟ್ಟೆ. ಒಂದು ಮಾರು ಇಳಿಯುವುದರೊಳಗೆ ಅದು ಪಕ್ಕನೆ ಆರಿತು. ಅದರ ಕೆಳಗೆ ಬ್ಯಾಟರಿಯ ಬೆಳಕು ಹಾಗೇ ಇತ್ತು, ಅವನ ಒಂದು ಕೈ ಕಾಣುತ್ತಿತ್ತು. ಕಂಬಳಿ ಬೀಸಿ ಗಾಳಿ ಹಾಕಿದೆವು, ಊರೆಲ್ಲ ನೆರೆಯಿತು. ಕೊನೆಗೆ ಬಾವಿಗೆ ಬಿದ್ದ ಕೊಡ ತೆಗೆಯುವ ಪಾತಾಳಗರಡಿ ಬಿಟ್ಟು, ಅವನ ಅಂಗಿಗೆ ಸಿಕ್ಕಿಸಿ ಮೇಲೆ ತಂದೆವು. ಎಷ್ಟೋ ಹೊತ್ತಾಗಿಹೋಗಿತ್ತು. ಕೆಳಗೆ ಬ್ಯಾಟರಿ ಇನ್ನೂ ಉರಿಯುತ್ತಿತ್ತು.

ಗೌಡರೇ ಎತ್ತಿನ ಗಾಡಿ ಕೊಟ್ಟು ಕಳಿಸಿದರು. ಮನೆಯ ಮುಂದೆ ಮಾವ ಗೋಡೆ ಹಿಡಿದು ನಿಂತಿದ್ದ. ಮಗನ ಮುಖವನ್ನು ಎರಡೂ ಕೈಯಿಂದ ತಡವಿ ನೋಡಿದ. ಆಮೇಲೆ ನನ್ನ ಕಡೆ ತಿರುಗಿ, "ಕಂದೀಲು ಎಷ್ಟರಾಗ ಆರಿತು?" ಎಂದು ಕೇಳಿದ.

"ಒಂದು ಮಾರಿನಾಗ" ಎಂದೆ. ಅದು ಸುಳ್ಳಲ್ಲ.

"ಒಂದು ಮಾರಿನಾಗ ಆರಿದ್ರ ಮತ್ಯಾಕ ಇಳಿದ?"

ನಾನು ಉತ್ತರ ಹುಡುಕುವ ಮೊದಲೇ ನನ್ನ ಹೆಂಡತಿ ಎದ್ದು ಬಂದಳು. ಆರು ತಿಂಗಳ ಬಸುರಿ. ನನ್ನ ಅಂಗಿಯ ಎದೆ ಹಿಡಿದು ಅಲ್ಲಾಡಿಸುತ್ತ ಕೇಳಿದಳು, "ನೀವು ಬ್ಯಾಡ ಅಂದಿದ್ರಿ, ಹೌದಿಲ್ಲ? ಅವನೇ ಕೇಳ್ಲಿಲ್ಲ, ಹೌದಿಲ್ಲ? ಅಂದಿದ್ರಿ ಅಂತ ಹೇಳ್ರಿ."

ನಾನು ತಲೆಯಾಡಿಸಿದೆ. ಬಾಯಿಬಿಟ್ಟು ಸುಳ್ಳು ಹೇಳುವಷ್ಟು ಧೈರ್ಯವೂ ಇರಲಿಲ್ಲ ನನಗೆ. ಜೊತೆಗಿದ್ದ ಇಬ್ಬರೂ ನೆಲ ನೋಡುತ್ತ ನಿಂತರು. ಕಂದೀಲು ಬಿಡದೆ ಇಳಿಸಿದ ತಪ್ಪಿನಲ್ಲಿ ಅವರ ಪಾಲೂ ಇತ್ತು, ಅವರೂ ಬಾಯಿ ಬಿಡಲಿಲ್ಲ.

ನಮ್ಮ ಕೆಲಸದವರಲ್ಲಿ ಒಂದು ಪದ್ಧತಿ. ಹಗೇವಿನಲ್ಲಿ ಸತ್ತವನನ್ನು ಮಣ್ಣು ಮಾಡುವಾಗ ಅವನನ್ನು ಇಳಿಸಿದ ಹಗ್ಗವನ್ನು ಸುತ್ತಿ ಅವನ ಪಕ್ಕದಲ್ಲಿ ಇಡುತ್ತಾರೆ, ಅದು ಅವನಿಗೆ ಸಲ್ಲುವ ಮರ್ಯಾದೆ. ಹಗ್ಗದವನ ಮಾತು ಮೀರಿ ಸತ್ತವನಿಗೆ ಅದು ಇಲ್ಲ. ಸ್ಮಶಾನದಲ್ಲಿ ಒಬ್ಬರು ಹಗ್ಗ ತಂದು ಮಾವನ ಕೈಗೆ ಕೊಟ್ಟರು. ಮಾವ ಅದನ್ನು ಹೆಗಲಿಗೆ ಹಾಕಿಕೊಂಡ. "ಮಾತು ಮೀರಿದವಗ ಇದು ಬ್ಯಾಡ" ಎಂದ. ನಾನು ಕುಣಿಯ ಅಂಚಿನಲ್ಲೇ ಇದ್ದೆ. ಅವನು ಮೀರಲಿಲ್ಲ ಮಾವ, ನಾನು ಅನ್ನಲೇ ಇಲ್ಲ, ಎನ್ನಲು ಆಗಲೂ ಹೊತ್ತಿತ್ತು. ಹಿಡಿ ಮಣ್ಣು ಹಾಕಿ ಪಕ್ಕಕ್ಕೆ ಸರಿದೆ.

ಆ ಹಗ್ಗವನ್ನು ಮಾವ ಮನೆಗೆ ತಂದು ನಡುಮನೆಯ ಗೂಟಕ್ಕೆ ಹಾಕಿದ. ಒಂದೂವರೆ ವರ್ಷದ ಮೇಲೆ ಅವನೂ ಹೋದ. ಮಗನ ಮೇಲಿನ ಸಿಟ್ಟು ಇಳಿಯದೇ ಹೋದ.

ಆಮೇಲೆ ಹಗೇವಿನ ಕೆಲಸವನ್ನು ಯಾರೂ ಮುಂದುವರಿಸಲಿಲ್ಲ. ಬಸಿನೀರಿಗೆ ಗುಂಡಿಗಳು ಒಂದೊಂದಾಗಿ ಕುಸಿದವು, ಜನ ಕಸ ಹಾಕಿ ಮುಚ್ಚಿದರು. ನಾನು ಒಂದು ಸಕ್ಕರೆ ಕಾರ್ಖಾನೆ ಸೇರಿ ಹೊಸಪೇಟೆಯಲ್ಲಿ ಮನೆ ಮಾಡಿದೆ. ಹಗ್ಗವೂ ನಮ್ಮ ಜೊತೆ ಬಂತು, ಹೆಂಡತಿಯೇ ತಂದಳು. ಪಂಚಮಿಗೆ ತವರಿನ ನೆನಪಾಗಿ ಉಂಡಿ ಕಟ್ಟುವಾಗ ಪ್ರತಿ ವರ್ಷ ತಮ್ಮನನ್ನು ಬೈಯುತ್ತ ಅಳುತ್ತಿದ್ದಳು. "ಒಂದು ಮಾತು ಕೇಳಿದ್ರ ನಿನ್ನ ಗಂಟೇನು ಹೋಗತಿತ್ತಲೇ?" ನಾನು ಎದ್ದು ಹೊರಗೆ ಹೋಗುತ್ತಿದ್ದೆ. ತಮ್ಮನ ನೆನಪನ್ನು ನಾನು ತಡೆದುಕೊಳ್ಳಲಾರೆ ಎಂದು ಅವಳು ತಿಳಿದಿದ್ದಳು.

ಕಾರ್ಖಾನೆಯಲ್ಲಿ ನನಗೆ ವಯಸ್ಸಾಗುತ್ತ ಬಂದ ಕಾಲ. ಕಾಕಂಬಿ, ಅಂದರೆ ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕ, ಅದರ ತೊಟ್ಟಿ ತೊಳೆಯಲು ಒಂದು ದಿನ ಗುತ್ತಿಗೆಯವರು ಇಬ್ಬರು ಬಂದರು. ನಾನು ಆ ಕಡೆ ಹಾದುಹೋಗುತ್ತಿದ್ದೆ ಅಷ್ಟೇ, ಅದು ನನ್ನ ವಿಭಾಗವಲ್ಲ. ಒಬ್ಬ ಏಣಿಯ ಮೇಲೆ ಕಾಲಿಟ್ಟಿದ್ದ. ನನ್ನ ಮೂಗಿಗೆ ಅದೇ ಹುಳಿ ವಾಸನೆ ಬಡಿಯಿತು. "ಬ್ಯಾಡ!" ಎಂದು ಎಷ್ಟು ಜೋರಾಗಿ ಕೂಗಿದೆನೆಂದರೆ ಅವನು ಬೆಚ್ಚಿ ಏಣಿಯನ್ನು ತಬ್ಬಿಕೊಂಡ.

ಅವರ ಮೇಸ್ತ್ರಿ ಬಂದ. "ಯಾಕ್ರಿ ಯಜಮಾನ್ರ? ನಿಮಗೇನು ಸಂಬಂಧ?" ಎಂದ. ನಾನು ಏಣಿಯನ್ನು ಹಿಡಿದುಕೊಂಡು ನಿಂತುಬಿಟ್ಟೆ. ಕಂದೀಲು ತರುವವರೆಗೆ ಬಿಡುವುದಿಲ್ಲ ಎಂದೆ. ಹುಚ್ಚ ಎಂದುಕೊಂಡರೋ ಏನೋ, ಯಾರೋ ವಾಚ್‌ಮನ್‌ ಕೋಣೆಯಿಂದ ಕಂದೀಲು ತಂದರು. ಹಚ್ಚಿ ಹಗ್ಗಕ್ಕೆ ಕಟ್ಟಿ ಬಿಟ್ಟೆ. ಅದು ತೊಟ್ಟಿಯ ಗೋಡೆಗೆ ಟಣಟಣ ಬಡಿಯುತ್ತ ಇಳಿಯಿತು. ತಳ ಮುಟ್ಟಿತು. ಸಣ್ಣಗೆ, ಸ್ಥಿರವಾಗಿ ಉರಿಯುತ್ತಲೇ ಇತ್ತು. ನೆರೆದಿದ್ದವರು ಹೋ ಎಂದು ನಕ್ಕರು. ಏಣಿಯ ಮೇಲಿದ್ದವನು, "ನಿಮ್ಮ ದೀಪ ಭಾಳ ಗಟ್ಟಿ ಐತ್ರಿ, ಇನ್ನ ಇಳೀಲೇನ್ರಿ?" ಎಂದ. ಕಂದೀಲು ಎಲ್ಲ ವಿಷವನ್ನೂ ತೋರಿಸುವುದಿಲ್ಲ ಎಂದು ಆಮೇಲೆ ಒಬ್ಬ ಇಂಜಿನಿಯರು ನನಗೆ ತಿಳಿಸಿ ಹೇಳಿದರು. ಅವತ್ತು ಗೊತ್ತಿದ್ದರೆ ಇನ್ನೂ ಹೊತ್ತು ಏಣಿ ಹಿಡಿದಿರುತ್ತಿದ್ದೆ. ಇಬ್ಬರೂ ಇಳಿದು, ತೊಳೆದು, ಮಧ್ಯಾಹ್ನ ಬುತ್ತಿಗೆ ಮೇಲೆ ಬಂದರು. ನನ್ನನ್ನು ಕಂಡು ಮತ್ತೆ ನಕ್ಕರು. ನಾನೂ ನಕ್ಕೆ. ಇಂಥ ನಗುವಿಗೆ ಅಂಜಿ ನಾನು ಒಬ್ಬನನ್ನು ಕೊಂದಿದ್ದೆ, ಆ ನಗು ಇಷ್ಟೇ ಇತ್ತು. ಸೈಕಲ್ ಸ್ಟ್ಯಾಂಡಿನ ಹಿಂದೆ ಹೋಗಿ ಕೂತು ಅತ್ತೆ.

ಸಂಜೆ ಮನೆಯಲ್ಲಿ ಹೆಂಡತಿಗೆ ಹೇಳಿದೆ. ಎಲ್ಲವನ್ನೂ ಇವತ್ತು ಹೇಳಿಬಿಡುವುದು ಎಂದೇ ಶುರುಮಾಡಿದ್ದು. ತೊಟ್ಟಿಯ ಕಥೆ ಮುಗಿಯುತ್ತಿದ್ದಂತೆ ಅವಳ ಮುಖ ಅರಳಿತು. ತಾಟಿಗೆ ಇನ್ನೊಂದು ರೊಟ್ಟಿ ಹಾಕುತ್ತ, "ನೋಡ್ರಿ, ಯಾರೋ ಹೊರಗಿನೋರು, ಅವರರ ನಿಮ್ಮ ಮಾತಿಗೆ ನಿಂತ್ರು. ನಮ್ಮವ ಒಬ್ಬ ನಿಲ್ಲಲಿಲ್ಲ" ಎಂದಳು. ಅವಳ ತಲೆಯ ಹಿಂದೆ ಗೂಟದಲ್ಲಿ ಹಗ್ಗ ಇತ್ತು. ಮರಿಯಮ್ಮನಹಳ್ಳಿಯ ಆಚೆ ನಾನು ಬ್ಯಾಡ ಎಂದ ಕೂಡಲೇ ಸೊಂಟದ ಗಂಟು ಬಿಚ್ಚಿ ಕೆಳಗಿಟ್ಟವನು ಅವನು. ಎಮ್ಮಿಗನೂರಿನ ಕಡೆಯಲ್ಲೂ ನಿಲ್ಲುತ್ತಿದ್ದ. ಒಂದು ವರ್ಷ ಆಡಿಕೊಂಡು ನಗುತ್ತಿದ್ದ, ಆದರೆ ನಿಲ್ಲುತ್ತಿದ್ದ. ನಾನು ರೊಟ್ಟಿ ಮುರಿದುಕೊಂಡು ಉಂಡೆ.

ಹೆಂಡತಿ ತೀರಿಕೊಂಡು ಈಗ ನಾಲ್ಕು ವರ್ಷ. ಮೊನ್ನೆ ಮೊಮ್ಮಗಳು ಉಣ್ಣಲು ಹಟ ಮಾಡಿದಾಗ ನಮ್ಮ ಮಗಳು ಅದೇ ಮಾತು ತೆಗೆದಳು, ಥೇಟ್ ಸ್ವಾದರಮಾವ ಎಂದು.

"ಬ್ಯಾಡವ್ವ, ಹಂಗ ಅನಬ್ಯಾಡ" ಎಂದೆ.

"ಯಾಕಪ್ಪಾ?" ಎಂದಳು.

ಕೂರಿಸಿಕೊಂಡು ಹೇಳಿದೆ. ವಾಸನೆಯಿಂದ ಹಿಡಿದು ಹಗ್ಗದವರೆಗೆ ಒಂದನ್ನೂ ಬಿಡಲಿಲ್ಲ. ಅವಳು ಗೂಟದ ಹಗ್ಗದ ಕಡೆ ನೋಡಿದಳು. ತಟ್ಟೆ ಎತ್ತಿಕೊಂಡು ಒಳಗೆ ಹೋಗುವಾಗ ಬಾಗಿಲಲ್ಲಿ ನಿಂತು, "ಅವ್ವ ಇದ್ದಾಗ ಒಂದು ಸಲ ಹೇಳಬೇಕಿತ್ತಪ್ಪಾ" ಎಂದಳು. "ಸಾಯೋತನಕ ತಮ್ಮನ್ನ ಬೈಕೊಂತ ಇದ್ಲು."